ನಮ್ಮೂರಿನ ಫೈಬರ್ ನೆಟ್: 14 ತಿಂಗಳು ಬಳಸಿದ ಮೇಲೆ

ಆರಿ ವರ್ಕ್ ಅನ್ನುವ ಕಸೂತಿ ಕಲಿಸುವಾಗ ಮುಖ್ಯವಾದದ್ದು ಒಂದೇ ಒಂದು ಚಲನೆ. ಕೊಕ್ಕೆ ಸೂಜಿಯನ್ನು ಬಟ್ಟೆಯೊಳಗೆ ಇಳಿಸಬೇಕು. ಕೆಳಗೆ ಎಡಗೈಯಲ್ಲಿ ಹಿಡಿದ ದಾರವನ್ನು ಕೊಕ್ಕೆಗೆ ಸಿಕ್ಕಿಸಬೇಕು. ಆಮೇಲೆ ಸೂಜಿಯನ್ನು ಅರ್ಧ ಸುತ್ತು ತಿರುಗಿಸಿ ಮೇಲೆಳೆಯಬೇಕು. ಆ ಅರ್ಧ ಸುತ್ತು ಕಾಣದಿದ್ದರೆ ಕಲಿಯುವವರ ಬಟ್ಟೆ ಹರಿಯುತ್ತದೆ, ಇಲ್ಲವೇ ದಾರ ಜಾರುತ್ತದೆ. ನಾನು ಇದನ್ನು ಫೋನಿನ ಮೂಲಕ, ಲೈವ್ ವಿಡಿಯೊದಲ್ಲಿ ಕಲಿಸುತ್ತೇನೆ. ವಾರಕ್ಕೆ ನಾಲ್ಕು ಕ್ಲಾಸು, ಈಗ 23 ಜನ ಹೆಣ್ಣುಮಕ್ಕಳಿದ್ದಾರೆ. ಮುಧೋಳ, ಗೋಕಾಕ, ಅಥಣಿ, ಇಂಡಿ, ಹೀಗೆ ಎಲ್ಲೆಲ್ಲಿಂದಲೋ ಬರುತ್ತಾರೆ. ಚಿತ್ರ ಎರಡು ಸೆಕೆಂಡ್ ನಿಂತರೆ ಸರಿಯಾಗಿ ಆ ಅರ್ಧ ಸುತ್ತೇ ಹೋಗಿರುತ್ತದೆ. "ಅಕ್ಕಾರ, ಮತ್ತೊಮ್ಮೆ ತೋರಸ್ರಿ" ಅಂತಾರೆ. ಮತ್ತೊಮ್ಮೆ ತೋರಿಸುವಾಗ ಇನ್ನೊಬ್ಬರಿಗೆ ನಿಲ್ಲುತ್ತದೆ.

ನಮ್ಮದು ಬಾಗಲಕೋಟೆ ಜಿಲ್ಲೆ. ತೇರದಾಳಕ್ಕೂ ಕೃಷ್ಣಾ ನದಿಗೂ ನಡುವೆ ಇರುವ ಒಂದು ಹಳ್ಳಿ, ಸುತ್ತ ಎಲ್ಲ ಕಬ್ಬು. ಹೋದ ವರ್ಷ ದಸರಾ ಮುಗಿದ ವಾರ ನಮ್ಮ ಮನೆಗೆ ಫೈಬರ್ ನೆಟ್, ಅಂದರೆ ಗಾಜಿನ ಎಳೆಯ ವೈರಿನಲ್ಲಿ ಬರುವ ಇಂಟರ್ನೆಟ್ ಬಂತು. ಊರಿನ ಕೇಬಲ್ ಟಿವಿ ಅಣ್ಣನೇ ಹಾಕಿಕೊಟ್ಟದ್ದು. 14 ತಿಂಗಳು ಬಳಸಿದ್ದೇನೆ. ನನ್ನ ಹಾಗೆ ಮನೆಯಲ್ಲೇ ಕೂತು ದುಡಿಯುವ ಹೆಣ್ಣುಮಕ್ಕಳು "ಹಾಕಿಸಬೇಕೋ ಬೇಡವೋ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಕನೆಕ್ಷನ್ ಕೊಡುವಾಗ 1,500 ರೂಪಾಯಿ ತಗೊಂಡರು, ನೆಟ್ಟಿನ ಡಬ್ಬಿ (ಮೋಡೆಮ್) ಅವರದೇ. ತಿಂಗಳ ಪ್ಲ್ಯಾನ್ 399 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 471 ಆಗುತ್ತದೆ. ಹಾಕಿಸುವಾಗ ಯಾರೂ ಜಿಎಸ್‌ಟಿ ಮಾತು ಆಡುವುದಿಲ್ಲ, ನೀವೇ ಕೇಳಿಕೊಳ್ಳಿ. ಮೊದಲು ನನ್ನ ಫೋನಿಗೂ ನಮ್ಮನೆಯವರ ಫೋನಿಗೂ ಸೇರಿ ತಿಂಗಳಿಗೆ ಸುಮಾರು 700 ರೂಪಾಯಿ ರೀಚಾರ್ಜ್ ಹೋಗುತ್ತಿತ್ತು. ಕ್ಲಾಸಿನ ದಿನ ಡೇಟಾ ಮುಗಿದರೆ ಮೇಲೆ ಇನ್ನೊಂದು ಪ್ಯಾಕ್. ಈಗ ನನ್ನ ಫೋನಿಗೆ ಸಣ್ಣ ರೀಚಾರ್ಜ್ ಸಾಕು. ಲೆಕ್ಕ ಹಾಕಿದರೆ ಖರ್ಚು ಜಾಸ್ತಿ ಆಗಿಲ್ಲ.

ಇನ್ನು ಸ್ಪೀಡ್. ಪ್ಲ್ಯಾನಿನಲ್ಲಿ 30 ಎಂಬಿಪಿಎಸ್ ಅಂತ ಇದೆ (ಎಂಟು ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಒಂದು ಎಂಬಿ ಹೋಗುತ್ತದೆ). ನಾನು ಅಳೆದಾಗೆಲ್ಲ 27ರಿಂದ 29 ಬಂದಿದೆ, ಸಂಜೆ ಏಳು ಗಂಟೆಗೂ ಅಷ್ಟೇ. ಆದರೆ ನನಗೆ ಬೇಕಾಗಿದ್ದದ್ದು ಬೇರೆ. ನೆಟ್ಟಿನಿಂದ ನಮ್ಮ ಕಡೆಗೆ ಬರುವುದು ಡೌನ್‌ಲೋಡ್. ನಾವು ಕಳಿಸುವುದು ಅಪ್‌ಲೋಡ್. ಸಿನಿಮಾ ನೋಡುವವರಿಗೆ ಮೊದಲನೆಯದು ಸಾಕು. ಕಲಿಸುವವರಿಗೆ, ಮಾರುವವರಿಗೆ ಎರಡನೆಯದೇ ಜೀವ. ಗುಳೇದಗುಡ್ಡ ಖಣದ ಕುಪ್ಪಸಕ್ಕೆ ವರ್ಕ್ ಮಾಡಿ ಅದರ ವಿಡಿಯೊ ತೆಗೆದರೆ 200 ಎಂಬಿ ಆಗುತ್ತದೆ. ಮೊಬೈಲ್ ಡೇಟಾದಲ್ಲಿ ಸಂಜೆ ಹೊತ್ತು ನಮಗೆ ಸಿಗುತ್ತಿದ್ದ ಅಪ್‌ಲೋಡ್ ಒಂದು ಎಂಬಿಪಿಎಸ್. ಒಂದು ವಿಡಿಯೊ ಹೋಗಲು 27 ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಫೋನನ್ನು ಮಾಳಿಗೆಯ ಮೇಲೆ ಕುಂಬಿಗೆ ಒರಗಿಸಿ ಇಟ್ಟು, ಕಾಗೆ ಬರದಂತೆ ಮಗಳನ್ನು ಕಾವಲು ಕೂರಿಸುತ್ತಿದ್ದೆ. ಈಗ ಅದೇ ವಿಡಿಯೊ ಒಂದು ನಿಮಿಷಕ್ಕೆ ಹೋಗುತ್ತದೆ.

ಬ್ರಾಡ್‌ಬ್ಯಾಂಡ್, ಅಂದರೆ ವೇಗದ ನೆಟ್, ಯಾವುದು ಅನ್ನುವ ಸರಕಾರದ ವ್ಯಾಖ್ಯೆಯಲ್ಲೂ ಅಪ್‌ಲೋಡ್ ಮರೆತುಹೋಗಿದೆ. 2023ರಿಂದ ನಮ್ಮ ದೇಶದಲ್ಲಿ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್. ಅದಕ್ಕೂ ಮೊದಲು 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್ ಇದ್ದರೂ ಬ್ರಾಡ್‌ಬ್ಯಾಂಡೇ. ಎರಡರಲ್ಲೂ ಅಪ್‌ಲೋಡಿನ ಮಾತಿಲ್ಲ. ಹಳ್ಳಿಯವರು ನೋಡುವವರು ಮಾತ್ರ, ಕಳಿಸುವವರಲ್ಲ ಅಂತ ಯಾರೋ ತೀರ್ಮಾನಿಸಿದ ಹಾಗಿದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಖಣ, ಇಳಕಲ್ ಸೀರೆ, ಶೇಂಗಾ ಹೋಳಿಗೆ, ಕಟಕ ರೊಟ್ಟಿ ಎಲ್ಲವನ್ನೂ ಫೋನಿನಲ್ಲೇ ಮಾರುತ್ತಿದ್ದಾರೆ. ಅವರು ಕಳಿಸುವವರು. ಹಾಗಾಗಿ ಕನೆಕ್ಷನ್ ಕೊಡಲು ಬಂದವರಿಗೆ ಮೊದಲು ಕೇಳಿ: ಅಪ್‌ಲೋಡ್ ಎಷ್ಟು?

ಈಗ ತೊಂದರೆಗಳಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ನೆಟ್ ಕಟ್ಟಾದಾಗೆಲ್ಲ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದೇನೆ. 14 ತಿಂಗಳಲ್ಲಿ 11 ಸಲ. ಅದರಲ್ಲಿ ಏಳು ಸಲ ಕಾರಣ ಒಂದೇ, ಕಬ್ಬಿನ ಟ್ರ್ಯಾಕ್ಟರ್. ನಮ್ಮ ಕಡೆ ಕಾರ್ಖಾನೆ ಹಂಗಾಮು ಶುರುವಾದರೆ ಹಗಲು ರಾತ್ರಿ ಎರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರುಗಳು ಊರೊಳಗಿಂದಲೇ ಹೋಗುತ್ತವೆ. ಕಬ್ಬು ಟ್ರಾಲಿಯ ಮೇಲೆ ಇನ್ನೊಂದು ಆಳು ಎತ್ತರ ಪೇರಿಸಿರುತ್ತಾರೆ. ಫೈಬರ್ ವೈರು ಕಂಬದಿಂದ ಕಂಬಕ್ಕೆ ಜೋತು ಬಿದ್ದಿರುತ್ತದೆ. ಕಬ್ಬಿನ ತುದಿಗೆ ಸಿಕ್ಕಿಕೊಂಡರೆ ಚಾಲಕನಿಗೆ ಗೊತ್ತೂ ಆಗುವುದಿಲ್ಲ, ಎಳೆದುಕೊಂಡು ಹೋಗುತ್ತಾನೆ. ಆ ಕ್ಷಣವೇ ಡಬ್ಬಿಯಲ್ಲಿ ಸಿಗ್ನಲ್ ನಿಂತಿದೆ ಅಂತ ತಿಳಿಸುವ "ಲಾಸ್" (LOS) ಅನ್ನುವ ಕೆಂಪು ದೀಪ ಮಿಣುಕುತ್ತದೆ. ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಈಗ ಇದು ಗೊತ್ತು. "ಲಾಸ್ ಲೈಟ್ ಬಂತು" ಅಂದರೆ ಎಲ್ಲೋ ಕಬ್ಬು ಹೋಯಿತು ಅಂತ.

ಉಳಿದ ನಾಲ್ಕರಲ್ಲಿ ಎರಡು ಸಲ ನಲ್ಲಿ ಪೈಪಿಗೆ ರಸ್ತೆ ಅಗೆದವರು ಕಡಿದರು. ಒಂದು ಸಲ ಇಲಿ. ಇನ್ನೊಂದು ಏಕೆ ಅಂತ ಕೊನೆಗೂ ತಿಳಿಯಲಿಲ್ಲ.

ಎಲ್ಲಕ್ಕಿಂತ ಬೇಗ ಸರಿಯಾದದ್ದು ಎರಡು ತಾಸಿನಲ್ಲಿ. ಎಲ್ಲಕ್ಕಿಂತ ತಡವಾದದ್ದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ನನ್ನ ಮೂರು ಕ್ಲಾಸು ಹೋದವು, ಇಬ್ಬರು ಹಣ ವಾಪಸ್ ಕೇಳಿದರು. ಕೊಟ್ಟೆ. ಆ ಸಲ ವೈರು ಕಡಿದದ್ದು ನಮ್ಮೂರೊಳಗಲ್ಲ, ಪಟ್ಟಣದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ. ನಮಗೆ ನೆಟ್ ಬರುವುದು ಒಂದೇ ದಾರಿಯಿಂದ. ಅದು ಕಡಿದರೆ ಹಿಂದಿರುವ ಊರಿಗೆ ಊರೇ ಕತ್ತಲೆ.

ಇದನ್ನು ತಪ್ಪಿಸುವುದು ಹೇಗೆ ಅಂತ ಕೇಬಲ್ ಅಣ್ಣನನ್ನು ಕೇಳಿದೆ. ಅವರು ಸುಪಾರಿ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಸುತ್ತು ಬರೆದು ತೋರಿಸಿದರು. ವೈರು ಒಂದು ಕಡೆಯಿಂದ ಬಂದು ಊರುಗಳನ್ನು ಮುಟ್ಟಿ ಇನ್ನೊಂದು ಕಡೆಯಿಂದ ವಾಪಸ್ ಹೋಗಬೇಕು, ಬಳೆಯ ಹಾಗೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಭಾರತ್‌ನೆಟ್ ಯೋಜನೆಯ ಹೊಸ ರೂಪದಲ್ಲಿ ಇದನ್ನೇ ಸೇರಿಸಿದ್ದಾರೆ. ಆ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಾಗ ಇದ್ದ ಗುರಿ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಅಂದರೆ ಪಂಚಾಯಿತಿ ಕಟ್ಟಡದ ತನಕ. ಮನೆಯ ತನಕ ಅಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿತು. ಅದರಲ್ಲಿ ಬಳೆಯ ಹಾಗೆ ಸುತ್ತು ಜೋಡಣೆಯೂ ಇದೆ, ಐದು ವರ್ಷದಲ್ಲಿ ಹಳ್ಳಿಗಳ 1.5 ಕೋಟಿ ಮನೆಗಳಿಗೆ ಕನೆಕ್ಷನ್ ಕೊಡುವ ಗುರಿಯೂ ಇದೆ. ಊರಿನ ಉದ್ಯಮಿಗಳೇ ಮನೆಮನೆಗೆ ಎಳೆದು, ನೋಡಿಕೊಂಡು, ಬಂದ ಹಣದಲ್ಲಿ ಪಾಲು ತಗೊಳ್ಳುವ ಪದ್ಧತಿಯೂ ಅದರಲ್ಲಿದೆ. ನನಗೆ ಈ ಕೊನೆಯದು ಎಲ್ಲಕ್ಕಿಂತ ಸರಿ ಅನಿಸುತ್ತದೆ. ಏಕೆ ಅಂತ ಹೇಳುತ್ತೇನೆ.

ಈ ಕನೆಕ್ಷನ್‌ಗಿಂತ ಮೊದಲು ನಾನು ಬೇರೆ ಒಂದು ಕಂಪನಿಯ ಏಜೆಂಟನಿಗೆ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೆ. ಹೆಸರು ಬೇಡ. "ನಾಳೆ ಬರ್ತೀವ್ರಿ" ಅಂದರು, ಬರಲಿಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಕೊನೆಗೆ ಮಾತಾಡಲು ಸಿಕ್ಕವರಿಗೆ ಕನ್ನಡ ಬರುತ್ತಿರಲಿಲ್ಲ. ನನ್ನ ಹಿಂದಿ ಅವರಿಗೆ ತಿಳಿಯಲಿಲ್ಲ. ನಮ್ಮೂರು ಎಲ್ಲಿದೆ ಅಂತ ಅವರಿಗೆ ಹೇಗೆ ತಿಳಿಸುವುದು? ಮೂರು ತಿಂಗಳು ಓಡಾಡಿ ಆ ಹಣ ಕೈಬಿಟ್ಟೆ.

ಕೇಬಲ್ ಅಣ್ಣನ ಹತ್ತಿರ ಹಾಗಲ್ಲ. "ಅಣ್ಣಾ, ಲಾಸ್ ಲೈಟ್ ಬಂದೈತ್ರಿ" ಅಂದರೆ ಸಾಕು. "ಎಲ್ಲಿ ಹರದೈತಿ ನೋಡ್ತೀನ್ ತಡೀರಿ ವೈನಿ" ಅಂತಾರೆ. ತಡವಾದರೂ ಬರುತ್ತಾರೆ. ಬರದಿದ್ದರೆ ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಿಕ್ಕೇ ಸಿಗುತ್ತಾರಲ್ಲ.

ಒಂದು ಸಂಜೆ ಅವರ ಹುಡುಗ ನಮ್ಮ ಜಗಲಿಯ ಮೇಲೆ ಕೂತು ಜಾಯಿಂಟ್ ಹೊಡೆದದ್ದನ್ನು ನಾನೂ ನಮ್ಮ ಅತ್ತೆಯವರೂ ಪಕ್ಕದಲ್ಲೇ ಕೂತು ನೋಡಿದೆವು. ಹರಿದ ವೈರಿನ ಕಪ್ಪು ಸಿಪ್ಪೆ ಸುಲಿದ. ಒಳಗೆ ಬಣ್ಣ ಹಚ್ಚಿದ ಒಂದು ಎಳೆ. ಆ ಬಣ್ಣವನ್ನೂ ಚಿಮ್ಮಟದಂಥ ಒಂದು ಸಾಧನದಿಂದ ಸವರಿ ತೆಗೆದ. ಉಳಿದದ್ದು ಬರೀ ಗಾಜು. ಅದರ ದಪ್ಪ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಹೋಗುವುದು ಅದಕ್ಕಿಂತಲೂ ಸಣ್ಣ ನಡುವಿನ ದಾರಿಯಲ್ಲಿ. ಸ್ಪಿರಿಟ್ ಹಚ್ಚಿದ ಕಾಗದದಿಂದ ಒರೆಸಿದ. ಪುಟ್ಟ ಕಟರಿನಲ್ಲಿ ಟಿಕ್ ಅಂತ ನೇರ ಕತ್ತರಿಸಿದ. ಇನ್ನೊಂದು ತುದಿಗೂ ಹಾಗೆಯೇ ಮಾಡಿದ. ಎರಡನ್ನೂ ಮಷೀನಿನಲ್ಲಿಟ್ಟು ಮುಚ್ಚಳ ಹಾಕಿದ. ಪರದೆಯ ಮೇಲೆ ಎರಡು ದಪ್ಪ ಕೋಲುಗಳು ಎದುರುಬದುರು ಬಂದು ನಿಂತವು, ತಾವೇ ಸರಿದು ಸಮ ಆದವು. ಒಂದು ಕಿಡಿ. ಎರಡೂ ಒಂದಾದವು.

ಅತ್ತೆಯವರ ತವರು ಇಳಕಲ್ ಹತ್ತಿರ. ಮದುವೆಗೆ ಮೊದಲು ಮಗ್ಗದ ಮನೆಯಲ್ಲಿ ಕೆಲಸ ಮಾಡಿದವರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೆಲಸ ಅವರ ಬೆರಳಿಗೆ ಗೊತ್ತು. ಅವರು ಪರದೆಯನ್ನೇ ನೋಡುತ್ತ "ಇದೂ ಕೊಂಡಿನ ಅಲ್ಲೇನ್ ತಮ್ಮಾ?" ಅಂದರು. ಹುಡುಗ "ಹೌದ್ರಿ ಅಜ್ಜಿ, ಗಾಜಿನ ಕೊಂಡಿ" ಅಂದ. ಆಮೇಲೆ ಮೀಟರ್ ಹಚ್ಚಿ ತೋರಿಸಿದ. ಜಾಯಿಂಟ್ ಹೊಡೆದ ಮೇಲೆ ಮೈನಸ್ 21 ಬಂದಿತ್ತು. ಇದು ಮನೆಗೆ ಬರುವ ಬೆಳಕಿನ ಬಲ. ಮೈನಸ್ 27ಕ್ಕಿಂತ ಕೆಳಗಿಳಿದರೆ ಡಬ್ಬಿ ಒದ್ದಾಡಲು ಶುರು ಮಾಡುತ್ತದೆ. ದೀಪ ಹಸಿರು ಇದ್ದರೂ ನೆಟ್ ನಿಂತು ನಿಂತು ಬರುತ್ತದೆ. ನಿಮ್ಮ ಮನೆಗೆ ಬಂದವರಿಗೂ "ಪವರ್ ಎಷ್ಟು ಬಂದೈತಿ?" ಅಂತ ಕೇಳಿ, ಮೀಟರ್ ತೋರಿಸಲು ಹೇಳಿ. ಅದು ನಿಮ್ಮ ಹಕ್ಕು.

ಕರೆಂಟ್ ವಿಷಯವೂ ಇದೆ. ಕರೆಂಟ್ ಹೋದರೆ ಡಬ್ಬಿ ಆಫ್. ಅದಕ್ಕೆ 1,350 ರೂಪಾಯಿ ಕೊಟ್ಟು 12 ವೋಲ್ಟಿನ ಸಣ್ಣ ಯುಪಿಎಸ್ ತಂದೆ. ಮೂರೂವರೆ ತಾಸು ನಡೆಯುತ್ತದೆ. ಕೊಂಡದ್ದರಲ್ಲೆಲ್ಲ ಇದೇ ಒಳ್ಳೆಯ ಕೆಲಸ. ಆದರೆ ಅಣ್ಣನ ಮಷೀನ್ ಕೋಣೆಯ ಬ್ಯಾಟರಿ ಇಳಿದರೆ ನಿಮ್ಮ ಮನೆಯ ಯುಪಿಎಸ್ ಏನೂ ಮಾಡಲಾರದು. ಮೊದಲ ಬೇಸಿಗೆಯಲ್ಲಿ ಹಾಗಾಯಿತು. ನಾವು ಎಂಟು ಹತ್ತು ಮನೆಯವರು ಹೋಗಿ ಕೂತು ಮಾತಾಡಿದ ಮೇಲೆ ಅವರು ದೊಡ್ಡ ಬ್ಯಾಟರಿ ಹಾಕಿಸಿದರು.

ಮನೆಯ ಗೋಡೆಯನ್ನೂ ಮರೆಯಬೇಡಿ. ನಮ್ಮದು ಹಳೆಯ ಮೇಲ್ಮುದ್ದಿ ಮನೆ, ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಡಬ್ಬಿಯನ್ನು ಒಳಗಿನ ಕೋಣೆಯಲ್ಲಿಟ್ಟಿದ್ದಾಗ ಪಡಸಾಲೆಗೆ ಏನೂ ಬರುತ್ತಿರಲಿಲ್ಲ. ಈಗ ಪಡಸಾಲೆಯ ತೊಲೆಗೆ ಎತ್ತರದಲ್ಲಿ ಹೊಡೆಸಿದ್ದೇನೆ. ಫೋನಿನಲ್ಲಿ ವೈಫೈಯ ಎರಡು ಹೆಸರು ಕಾಣುತ್ತವೆ, ಒಂದರ ಮುಂದೆ 5ಜಿ ಅಂತ ಇರುತ್ತದೆ. ಅದು ಹತ್ತಿರಕ್ಕೆ ಮಾತ್ರ. ದಪ್ಪ ಗೋಡೆ ದಾಟಬೇಕಾದರೆ ಇನ್ನೊಂದನ್ನೇ ಹಿಡಿಯಿರಿ.

ಡಬ್ಬಿ ಪಡಸಾಲೆಗೆ ಬಂದ ಮೇಲೆ ನಾನು ನಿರೀಕ್ಷೆ ಮಾಡದ ಒಂದು ಕೆಲಸ ಶುರುವಾಯಿತು. ನಮ್ಮ ಸಂಘದ ಹೆಂಗಸರು ಮಧ್ಯಾಹ್ನ ಬಂದು ಕೂರತೊಡಗಿದರು. ಒಬ್ಬರಿಗೆ ಗೃಹಲಕ್ಷ್ಮಿಯ 2,000 ಬಂತೋ ಇಲ್ಲವೋ ನೋಡಬೇಕು. ಇನ್ನೊಬ್ಬರಿಗೆ ಮಗನ ಸ್ಕಾಲರ್‌ಶಿಪ್ ಅರ್ಜಿ. ಪಹಣಿ ಬೇಕಾದವರು ಬಂದರು. ನಮ್ಮ ರಾಜ್ಯದಲ್ಲಿ ಪಹಣಿ ಕಂಪ್ಯೂಟರಿಗೆ ಬಂದು 20 ವರ್ಷದ ಮೇಲಾಯಿತು, ಭೂಮಿ ಯೋಜನೆಯಲ್ಲಿ. ಆದರೆ ಅದನ್ನು ತನ್ನ ಕೈಯಿಂದಲೇ ತೆಗೆದು ನೋಡಿದ ಹೆಣ್ಣುಮಗಳು ನಮ್ಮ ಓಣಿಯಲ್ಲಿ ಈ ವರ್ಷದ ತನಕ ಒಬ್ಬಳೂ ಇರಲಿಲ್ಲ. ಪಕ್ಕದ ಮನೆಯ ಕಾಕಿ ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಹುಡುಕುವುದನ್ನು ಕಲಿತರು. ಅವರಿಗೆ ಓದಲು ಬರುವುದಿಲ್ಲ. ತಮ್ಮ ಹೊಲದ ಸರ್ವೆ ನಂಬರಿನ ಪಹಣಿಯಲ್ಲಿ ತಮ್ಮ ಹೆಸರು ಎಲ್ಲಿದೆ ಅಂತ ನನ್ನ ಕೈಯಲ್ಲಿ ಓದಿಸಿದರು. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ಕೂತರು.

ಆದರೆ ನೆಟ್ ಬಂದ ಮಾತ್ರಕ್ಕೆ ಎಲ್ಲರಿಗೂ ಸಿಕ್ಕಂತಲ್ಲ. ನನ್ನ ಕ್ಲಾಸಿನ 23 ಜನರಲ್ಲಿ ಒಂಬತ್ತು ಜನರಿಗೆ ಸ್ವಂತ ಫೋನಿಲ್ಲ. ಗಂಡ ಹೊಲದಿಂದ ಬಂದು ಫೋನ್ ಕೊಟ್ಟ ಮೇಲೆಯೇ ಅವರ ಕಲಿಕೆ. ಅದಕ್ಕೇ ನಾನು ಒಂದೇ ಪಾಠವನ್ನು ಮಧ್ಯಾಹ್ನ ಎರಡೂವರೆಗೂ ರಾತ್ರಿ ಒಂಬತ್ತಕ್ಕೂ ಎರಡು ಸಲ ತೆಗೆದುಕೊಳ್ಳುತ್ತೇನೆ. ಮೋಸದ ಕಾಲ್‌ಗಳೂ ಬರುತ್ತವೆ. ಸಂಘದ ಒಬ್ಬರು ಒಟಿಪಿ ಹೇಳಿ 6,000 ರೂಪಾಯಿ ಕಳಕೊಂಡರು. ಅಂಥ ಹೊತ್ತಿನಲ್ಲಿ ತಕ್ಷಣ ಫೋನ್ ಮಾಡಬೇಕಾದ ನಂಬರ್ 1930. ಅದನ್ನು ದೊಡ್ಡದಾಗಿ ಬರೆದು ಡಬ್ಬಿಯ ಕೆಳಗೆ ಅಂಟಿಸಿದ್ದೇನೆ.

2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಅಂತ ಮಾಸ್ತರರು ಗುಡಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಆಗ ನನ್ನ ಮಗಳು ಮೂರನೆಯ ಇಯತ್ತೆ. ಕಾಲೇಜಿನ ಹುಡುಗರು ನೀರಿನ ಟಾಕಿ ಏರಿ ಕೂತು ಫೋನ್ ಹಿಡಿಯುತ್ತಿದ್ದರು. ಅದನ್ನು ಕಂಡವಳಿಗೆ ಈಗಿನ ಹಸಿರು ದೀಪ ಸಣ್ಣದು ಅಂತ ಅನಿಸುವುದಿಲ್ಲ.

ಹಾಗಾದರೆ ಹಾಕಿಸಬೇಕೋ? ಹಾಕಿಸಿ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಮೊದಲ ಹಂಗಾಮು ತಿಂಗಳು ತಿಂಗಳು ಕಟ್ಟಿ ನೋಡಿ. ವೈರು ಕಡಿದಾಗ ಯಾರು ಬರುತ್ತಾರೆ, ಜಾಯಿಂಟ್ ಮಷೀನ್ ಅವರದೇ ಇದೆಯೋ ಬೇರೆ ಊರಿನಿಂದ ತರಬೇಕೋ, ಇದನ್ನು ಕೇಳಿಯೇ ಹಣ ಕೊಡಿ. ನಮ್ಮ ಅಣ್ಣ ಹೋದ ಮಾರ್ಚಿನಲ್ಲಿ ಸ್ವಂತ ಮಷೀನ್ ತಗೊಂಡರು. ಅಲ್ಲಿಂದೀಚೆ ಊರೊಳಗಿನ ಯಾವ ಕಟ್ಟೂ ಒಂದು ದಿನ ದಾಟಿಲ್ಲ. ಈ ಹಂಗಾಮು ಶುರುವಾಗುವ ಮೊದಲು ಊರಿನ ನಡುರಸ್ತೆ ದಾಟುವ ವೈರುಗಳನ್ನೆಲ್ಲ ಹುಡುಗರು ಸೇರಿ ಎತ್ತರಕ್ಕೆ ಬಿಗಿದರು. ಅದಕ್ಕೆ ನಾವು ಮನೆಗೆ 50 ರೂಪಾಯಿ ಪಟ್ಟಿ ಹಾಕಿದೆವು. ಈ ಹಂಗಾಮಿನಲ್ಲಿ ಇನ್ನೂ ಒಂದೇ ಸಲ ಕಡಿದಿದೆ.

ನನಗೆ ಉಳಿದಿರುವ ಚಿಂತೆ ತೋಟದ ಮನೆಗಳದು. ನಮ್ಮ ಕಡೆ ಅರ್ಧ ಊರು ಊರೊಳಗೆ ಇರುವುದಿಲ್ಲ, ಹೊಲದಲ್ಲೇ ವಸ್ತಿ ಇರುತ್ತದೆ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ ಹಾಗೆ 2.3 ಕಿಲೋಮೀಟರ್ ದೂರದ ತೋಟದಲ್ಲಿದ್ದಾಳೆ. ಅಲ್ಲಿಗೆ ವೈರು ಎಳೆಯಲು 45 ಮೀಟರಿಗೊಂದರಂತೆ 50ಕ್ಕೂ ಹೆಚ್ಚು ಕಂಬ ಬೇಕು. ನಾಲ್ಕು ಮನೆಗೋಸ್ಕರ ಅಷ್ಟು ಹಾಕಿದರೆ ಗಿಟ್ಟುವುದಿಲ್ಲ ಅಂತ ಅಣ್ಣ ನೇರವಾಗಿಯೇ ಹೇಳಿದರು. ಅವರ ಮಾತೂ ನಿಜವೇ. ಆದರೆ ನಮ್ಮ ರೈತರು ನದಿಯಿಂದ ಹೊಲಕ್ಕೆ ಕಿಲೋಮೀಟರುಗಟ್ಟಲೆ ಪೈಪ್‌ಲೈನ್ ಹಾಕುತ್ತಾರಲ್ಲ? ಆಳುದ್ದ ಅಲ್ಲದಿದ್ದರೂ ಮೊಣಕಾಲು ಮೀರಿದ ತಗ್ಗು ತೋಡಿಯೇ ಹಾಕುತ್ತಾರೆ. ಅದೇ ತಗ್ಗಿನಲ್ಲಿ ನೀರಿನ ಪೈಪಿನ ಜೊತೆ ಒಂದು ಸಣ್ಣ ಖಾಲಿ ಪೈಪ್ ಇಟ್ಟರೆ ಆಮೇಲೆ ಅದರೊಳಗೆ ಫೈಬರ್ ಎಳೆಯಬಹುದು. ಕಂಬವೂ ಬೇಡ, ಕಬ್ಬಿನ ಟ್ರ್ಯಾಕ್ಟರಿನ ಭಯವೂ ಇಲ್ಲ.

ಆ ಹುಡುಗಿಯ ಮಾವನವರು ಕಬ್ಬು ಕಡಿದ ಮೇಲೆ, ಫೆಬ್ರವರಿಯಲ್ಲಿ ಹೊಸ ಪೈಪ್‌ಲೈನ್ ಹಾಕಿಸುವವರಿದ್ದಾರೆ. ಹೋದ ಅಮಾವಾಸ್ಯೆಯ ದಿನ ನಾನೂ ನಮ್ಮನೆಯವರೂ ಅವರ ತೋಟಕ್ಕೆ ಹೋಗಿ ಈ ಮಾತು ಆಡಿ ಬಂದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಪೈಪ್ ನೀವ್ ತರ್ರಿ, ತಗ್ಗ ನಮ್ದ" ಅಂದರು. ಅಣ್ಣ ಪೈಪಿನ ರೇಟ್ ಕೇಳಿಕೊಂಡು ಬರಲು ಬನಹಟ್ಟಿಗೆ ಹೋಗಿದ್ದಾರೆ.